ಸಾಂಬ್ರಾದಲ್ಲಿ ಇಳಿದ ಮೇಲೆ ಊರಿಗೆ ಹೋಗೋದು ಹೇಗೆ?

ಬೆಳಗಾವಿಗೆ ವಿಮಾನದ ಟಿಕೆಟ್ ತೆಗೆಯುವಾಗ ಎಲ್ಲರೂ ವಿಮಾನದ ದರ ಮಾತ್ರ ನೋಡುತ್ತಾರೆ. ಅಲ್ಲಿಂದ ಊರು ಮುಟ್ಟೋದು ಹೇಗೆ ಅನ್ನೋ ಯೋಚನೆ ಬರೋದು ಬ್ಯಾಗ್ ಕೈಗೆ ಬಂದ ಮೇಲೆ. ಬೆಂಗಳೂರಿನಿಂದ ಬಾಗಲಕೋಟೆಗೆ ನಾನು ಈ ದಾರಿಯಲ್ಲಿ ಆಗಾಗ ಓಡಾಡುತ್ತೇನೆ. ಈ ಸಲ ಅವ್ವನೂ ಜೊತೆಗಿದ್ದಳು, ಅವಳ ಮೊಣಕಾಲು ನೋವು, ಎರಡು ದೊಡ್ಡ ಬ್ಯಾಗು, ಮೇಲೊಂದು ಉಪ್ಪಿನಕಾಯಿ ಡಬ್ಬಿ ಬೇರೆ. ಹಾಗಾಗಿ ಬಸ್ಸು, ರಿಕ್ಷಾ, ಟ್ಯಾಕ್ಸಿ ಎಲ್ಲದರ ಲೆಕ್ಕ ಹೊಸದಾಗಿ ಹಾಕಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕ್ಷೆ ನೋಡಿ. ವಿಮಾನ ನಿಲ್ದಾಣ ಇರೋದು ಬೆಳಗಾವಿ ಊರೊಳಗಲ್ಲ, ಪೂರ್ವಕ್ಕೆ 10-11 ಕಿ.ಮೀ. ದೂರದ ಸಾಂಬ್ರಾದಲ್ಲಿ. 1942ರಲ್ಲಿ, ಬ್ರಿಟಿಷರ ಕಾಲದಲ್ಲಿ, ಅವರ ವಾಯುಪಡೆಗೆ ಅಂತ ಮಾಡಿದ ಜಾಗ ಅದು. ಈಗಲೂ ಪಕ್ಕದಲ್ಲೇ ನಮ್ಮ ವಾಯುಪಡೆಯ ತರಬೇತಿ ಕೇಂದ್ರ ಇದೆ, ಆ ಕಡೆ ಮೊಬೈಲ್ ಹಿಡಿದು ಫೋಟೋ ತೆಗೆಯೋಕೆ ಹೋಗಬೇಡಿ. ಈಗಿನ ಟರ್ಮಿನಲ್ ಕಟ್ಟಡ 2017ರದ್ದು. ಚಿಕ್ಕದು, ಐದು ನಿಮಿಷದಲ್ಲಿ ಹೊರಗೆ ಬಂದಿರುತ್ತೀರಿ. ಆದರೆ ಮುಖ್ಯವಾದ ವಿಷಯ ಬೇರೆ. ಸಾಂಬ್ರಾ ಇರೋದೇ ಬೆಳಗಾವಿ-ಬಾಗಲಕೋಟೆ ರಸ್ತೆಯಲ್ಲಿ. ಅಂದರೆ ಬಾಗಲಕೋಟೆ, ಮುಧೋಳ, ಯರಗಟ್ಟಿ, ಲೋಕಾಪುರ ಕಡೆಯವರು ವಿಮಾನದಿಂದ ಇಳಿದಾಗ ಆಗಲೇ ಊರಿನ ದಾರಿಯಲ್ಲೇ ನಿಂತಿರುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಪಶ್ಚಿಮಕ್ಕೆ ಬೆಳಗಾವಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಮತ್ತೆ ಅದೇ ಸಾಂಬ್ರಾ ದಾಟಿಕೊಂಡು ಬರುತ್ತಾರೆ.

ಹಾಗಂತ ಬೆಳಗಾವಿಗೆ ಹೋಗೋದು ಯಾವಾಗಲೂ ದಂಡ ಅಂತ ನಾನು ಹೇಳಲ್ಲ. ಒಬ್ಬರೇ ಇದ್ದು ಬಸ್ಸಲ್ಲೇ ಹೋಗೋದಾದರೆ ಬೆಳಗಾವಿ ಕೇಂದ್ರ ಬಸ್ ನಿಲ್ದಾಣಕ್ಕೆ ಹೋಗಿ ಹತ್ತೋದೇ ವಾಸಿ. ಅಲ್ಲಿ ಬಸ್ಸು ಹೊರಡೋ ಮೊದಲೇ ಹತ್ತಿ ಕಿಟಕಿ ಪಕ್ಕ ಕೂರಬಹುದು, ಬ್ಯಾಗ್ ಇಡೋಕೂ ಜಾಗ ಸಿಗುತ್ತದೆ. ಸಾಂಬ್ರಾ ರಸ್ತೆಯಲ್ಲಿ ಕೈ ಅಡ್ಡ ಹಿಡಿದರೆ ದೂರದ ಬಸ್ಸು ನಿಲ್ಲಿಸಿದರೆ ನಿಲ್ಲಿಸಿದ, ಇಲ್ಲದಿದ್ದರೆ ಇಲ್ಲ. ನಿಲ್ಲಿಸಿದರೂ ಯರಗಟ್ಟಿವರೆಗೆ ಕಂಬಿ ಹಿಡಿದು ನಿಲ್ಲೋ ತಯಾರಿ ಇರಲಿ. ಸೋಮವಾರ ಬೆಳಿಗ್ಗೆ, ಹಬ್ಬದ ಹಿಂದಿನ ದಿನ ಅಂತೂ ಕೇಳಲೇಬೇಡಿ.

ಸಾಂಬ್ರಾದಿಂದ ಬೆಳಗಾವಿಗೆ ಸಿಟಿ ಬಸ್ಸುಗಳಿವೆ. ಮುತಗಾ ಮೇಲೆ ಹಾದು ಸಿಬಿಟಿ, ಅಂದರೆ ಸಿಟಿ ಬಸ್ ನಿಲ್ದಾಣ ಸೇರುತ್ತವೆ, ಸಿಬಿಟಿ ಪಕ್ಕದಲ್ಲೇ ಕೇಂದ್ರ ಬಸ್ ನಿಲ್ದಾಣ. ಬಸ್ಸು ಟರ್ಮಿನಲ್ ಬಾಗಿಲಿಗೆ ಬಂದು ನಿಲ್ಲುತ್ತದೆ ಅಂತ ತಿಳಿಯಬೇಡಿ, ಮುಖ್ಯ ರಸ್ತೆಗೆ ಬರಬೇಕು. ಕೈಯಲ್ಲಿ ಒಂದೇ ಬ್ಯಾಗಿದ್ದರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಹೆಣ್ಣುಮಕ್ಕಳಿಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದರಿಂದ ಸಿಟಿ ಬಸ್ಸೂ ಉಚಿತ, ಮುಂದೆ ಬಾಗಲಕೋಟೆಯ ವೇಗದೂತವೂ ಉಚಿತ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳಿ, ಸೂಟ್‌ಕೇಸ್ ತಳದಲ್ಲಿ ಅಲ್ಲ. ಎಸಿ, ಸ್ಲೀಪರ್ ಬಸ್ಸಿಗೆ ಇದು ಅನ್ವಯಿಸಲ್ಲ.

ಬೆಳಗಾವಿಯಲ್ಲೇ ಕೆಲಸ ಇರೋರಿಗೆ ಕಷ್ಟವಿಲ್ಲ. ವಿಮಾನದ ಹೊತ್ತಿಗೆ ಟ್ಯಾಕ್ಸಿಯವರು ಹೊರಗೆ ನಿಂತಿರುತ್ತಾರೆ, ಬಾಗಿಲು ದಾಟುತ್ತಿದ್ದ ಹಾಗೆ "ಎಲ್ಲಿಗ್ರೀ ಸರ?" ಅಂತ ಕೇಳುತ್ತಾರೆ. ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುತ್ತದೆ. ಬರೀ "ಬೆಳಗಾವಿ" ಅನ್ನಬೇಡಿ, ಜಾಗದ ಹೆಸರು ಹೇಳಿಯೇ ದರ ಮಾತಾಡಿ. ಕೇಂದ್ರ ಬಸ್ ನಿಲ್ದಾಣ ಬೇರೆ, ಕ್ಯಾಂಪ್ ಬದಿಯ ರೈಲು ನಿಲ್ದಾಣ ಬೇರೆ, ಟಿಳಕವಾಡಿ ಇನ್ನೂ ಆಚೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಲಸಕ್ಕೆ ಬಂದವರು ಊರು ಪೂರ್ತಿ ದಾಟಿ ಖಾನಾಪುರ ರಸ್ತೆಯ ಮಚ್ಛೆಗೆ ಹೋಗಬೇಕು, ಅದಕ್ಕೂ ಊರಿನ ದರವೇ ಅಂತ ಅಂದುಕೊಂಡರೆ ಇಳಿಯುವಾಗ ಜಗಳ ಗ್ಯಾರಂಟಿ. ಮೊಬೈಲ್ ಆ್ಯಪ್ ನಂಬಿಕೊಂಡು ಮಾತ್ರ ಬರಬೇಡಿ. ಬೆಂಗಳೂರಿನ ಅಭ್ಯಾಸದಲ್ಲಿ ನಾನು ತೆರೆದು ನೋಡಿದೆ, ಅದು ಹುಡುಕುತ್ತಲೇ ಇತ್ತು, ಅಷ್ಟರಲ್ಲಿ ಹೊರಗಿದ್ದ ಟ್ಯಾಕ್ಸಿಗಳಲ್ಲಿ ಅರ್ಧ ಹೋಗಿಯಾಗಿತ್ತು. ಒಂದು ವಿಮಾನದ ಜನ ಹೋದರೆಂದರೆ ಮುಂದಿನ ವಿಮಾನದವರೆಗೆ ಅಲ್ಲಿ ಗಾಡಿ ಕಮ್ಮಿ. ಆದ್ದರಿಂದ ಮೊದಲು ಗಾಡಿ ಮಾತಾಡಿ, ಚಹಾ ಆಮೇಲೆ.

ಈಗ ಬಾಗಲಕೋಟೆ. ಬೆಳಗಾವಿಯಿಂದ ಸುಮಾರು 140 ಕಿ.ಮೀ., ಸಾಂಬ್ರಾದಿಂದ ಹತ್ತು ಕಮ್ಮಿ. ದಾರಿ ನೇಸರಗಿ, ಯರಗಟ್ಟಿ, ಲೋಕಾಪುರ. ಕಾರಿನಲ್ಲಿ ಮೂರು ತಾಸು ಇಟ್ಟುಕೊಳ್ಳಿ, ಬಸ್ಸಿಗೆ ಇನ್ನೊಂದು ತಾಸು ಸೇರಿಸಿ. ದೂರದ ಊರಿಗೆ ಟ್ಯಾಕ್ಸಿಯವರು ಹೋಗೋದು ಬರೋದು ಎರಡರ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ, ಜೊತೆಗೆ ಡ್ರೈವರ್ ಬಾಟಾ. ಇದು ಮೋಸ ಅಲ್ಲ, ವಾಪಸ್ ಅವರು ಖಾಲಿ ಹೋಗಬೇಕಲ್ಲ. ಆದರೆ ಇಲ್ಲೇ ಒಂದು ಉಪಾಯ ಇದೆ. ಎರಡೂ ಕಡೆಯ ದುಡ್ಡು ಹೇಗೂ ಕೊಡೋದಾದರೆ, ಊರಿಂದಲೇ ಪರಿಚಯದ ಗಾಡಿ ಕರೆಸಿಕೊಳ್ಳಿ. ಬಾಗಲಕೋಟೆಯಿಂದ ಖಾಲಿ ಬಂದು ನಿಮ್ಮನ್ನು ಕರೆದುಕೊಂಡು ಹೋದರೂ ಕಿಲೋಮೀಟರ್ ಅಷ್ಟೇ. ಡ್ರೈವರ್ ಗೊತ್ತಿರೋನು, ಮನೆ ಬಾಗಿಲಿಗೆ ಬಿಡುತ್ತಾನೆ, ನಡುವೆ ಅವ್ವ "ಸ್ವಲ್ಪ ನಿಲ್ಲಿಸಪ್ಪಾ" ಅಂದರೆ ಮುಖ ಗಂಟು ಹಾಕಲ್ಲ. ನಾವು ಮಾಡಿದ್ದು ಇದನ್ನೇ. ವಿಮಾನ ತಡವಾದರೆ ಕಾಯೋ ದುಡ್ಡು ಎಷ್ಟು ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಬೆಂಗಳೂರಲ್ಲಿ ವಿಮಾನ ಹತ್ತಿದ ಮೇಲೇ ಅವನಿಗೆ "ಹತ್ತಿದೆವು" ಅಂತ ಫೋನ್ ಮಾಡೋದು ಇನ್ನೂ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ, ಆದರೆ ವಿಮಾನಕ್ಕೆ ಒಂದು ತಾಸು ಚಿಲ್ಲರೆ, ಗಾಡಿಗೆ ಮೂರು ತಾಸು, ನೀವೇ ಲೆಕ್ಕ ಹಾಕಿ.

ಬಸ್ಸಲ್ಲಿ ಬರುವವರಿಗೆ ಒಂದು ಮಾತು. ಬೆಳಗಾವಿ ಕಡೆಯಿಂದ ಬಂದರೆ ಗದ್ದನಕೇರಿ ಕ್ರಾಸ್ ಆದ ಮೇಲೆ ಮೊದಲು ಸಿಗೋದು ನವನಗರ, ಆಮೇಲೆ ವಿದ್ಯಾಗಿರಿ, ಕೊನೆಗೆ ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಮುಳುಗಿದ ಮೇಲೆ ಕಟ್ಟಿದ ಊರು ನವನಗರ, ಅಲ್ಲೂ ಬೇರೆಯೇ ಬಸ್ ನಿಲ್ದಾಣ ಇದೆ. ಕರೆಯಲು ಬರುವವರಿಗೆ "ಬಸ್ ಸ್ಟ್ಯಾಂಡಿಗೆ ಬಾ" ಅಂದರೆ ಅವರೊಂದು ಕಡೆ, ನೀವೊಂದು ಕಡೆ.

ರೈಲಿನ ಆಸೆ ಬಿಡಿ. ಸಾಂಬ್ರಾದಲ್ಲಿ ಸಣ್ಣ ರೈಲು ನಿಲ್ದಾಣ ಇರೋದು ನಿಜ, ಆದರೆ ಆ ಹಳಿ ಘಟಪ್ರಭಾ, ಕುಡಚಿ ಮೇಲೆ ಮೀರಜ್ ಕಡೆ ಹೋಗುತ್ತದೆ. ಬಾಗಲಕೋಟೆ-ಕುಡಚಿ ಹಳಿ ಪೂರ್ತಿ ಆಗೋವರೆಗೆ ಬೆಳಗಾವಿಯಿಂದ ಬಾಗಲಕೋಟೆಗೆ ರೈಲಲ್ಲಿ ಹೋಗೋದು ಅಂದರೆ ಹುಬ್ಬಳ್ಳಿ, ಗದಗ ಸುತ್ತಿ ಹೋಗೋದು.

ವಿಜಯಪುರದವರೇ, ನಿಮಗೆ ಸಾಂಬ್ರಾ ನಿಜವಾಗಲೂ ದೂರ. ಬೆಳಗಾವಿಯಿಂದ 200 ಕಿ.ಮೀ. ಮೇಲೆ. ಮುಧೋಳ, ಜಮಖಂಡಿ, ಬಬಲೇಶ್ವರ ದಾರಿ. ಬೇಸಿಗೆಯಲ್ಲಿ ಪರವಾಗಿಲ್ಲ, ಆದರೆ ಜುಲೈ-ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕಡೆ ಜೋರು ಮಳೆ ಆಗಿ ನದಿಗೆ ನೀರು ಬಿಟ್ಟರೆ ಕಷ್ಟ, ಈ ದಾರಿ ಘಟಪ್ರಭೆಯನ್ನೂ ದಾಟಬೇಕು, ಕೃಷ್ಣೆಯನ್ನೂ ದಾಟಬೇಕು. ಗೋಕಾಕ ಹತ್ತಿರ ಇದೇ ಘಟಪ್ರಭೆ ಮೇಲಿನ ಲೋಳಸೂರ ಸೇತುವೆ ಮುಳುಗಿದ ಸುದ್ದಿ ಬಂತು ಅಂದರೆ ಮುಧೋಳ ಕಡೆಯೂ ಒಮ್ಮೆ ಫೋನ್ ಮಾಡಿ ವಿಚಾರಿಸಿ. 2019ರ ಆಗಸ್ಟ್ ಪ್ರವಾಹ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಕಾಪುರದಿಂದ ನೇರ ಬಾಗಲಕೋಟೆಗೆ ಹೋಗುವವರಿಗೆ ಈ ಘಟಪ್ರಭೆ ದಾಟೋ ತಾಪತ್ರಯ ಇಲ್ಲ.

ನನ್ನನ್ನು ಕೇಳಿದರೆ ವಿಜಯಪುರಕ್ಕೆ ಹುಬ್ಬಳ್ಳಿ ವಿಮಾನವೇ ಸರಿ. ಕಿಲೋಮೀಟರ್ ಹೆಚ್ಚು ಕಮ್ಮಿ ಅಷ್ಟೇ ಆದರೂ ಅಲ್ಲಿಂದ ಸಿಗೋ ದಾರಿಗಳು ಜಾಸ್ತಿ. ಹುಬ್ಬಳ್ಳಿ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿ, ಹೊಸ ಬಸ್ ನಿಲ್ದಾಣವೂ ಅದೇ ರಸ್ತೆಯಲ್ಲಿ, ರಿಕ್ಷಾ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಬಸ್ಸಿಗೆ ಬಂದಿರುತ್ತೀರಿ. ನವಲಗುಂದ, ನರಗುಂದ, ಕುಳಗೇರಿ ಕ್ರಾಸ್, ಕೆರೂರು ಮೇಲೆ ರಾಷ್ಟ್ರೀಯ ಹೆದ್ದಾರಿ 52 ನೇರ ವಿಜಯಪುರಕ್ಕೆ. ಬೇಡ ಅಂದರೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ರೈಲಿದೆ, ಹುಬ್ಬಳ್ಳಿ, ಗದಗ, ಬಾಗಲಕೋಟೆ ಮೇಲೆ ವಿಜಯಪುರಕ್ಕೆ ಹೋಗುತ್ತದೆ, ಇಳಿದರೆ ಗುಮ್ಮಟ ಹತ್ತಿರದಲ್ಲೇ. ಬಾಗಲಕೋಟೆಯವರೂ ಹುಬ್ಬಳ್ಳಿಗೆ ಇಳಿಯಬಹುದು, ಆದರೆ ಹತ್ತುವಾಗ ಕಂಡಕ್ಟರನ್ನು ಕೇಳಿ. ವಿಜಯಪುರದ ಕೆಲವು ಬಸ್ಸು ಬಾಗಲಕೋಟೆ ಊರೊಳಗೆ ಬರದೆ ಗದ್ದನಕೇರಿ ಕ್ರಾಸಿನಿಂದಲೇ ಮುಂದೆ ಹೋಗುತ್ತವೆ. ಹಗಲಾದರೆ ಕ್ರಾಸಿನಲ್ಲಿ ಇಳಿದು ಬೇರೆ ಗಾಡಿ ಹಿಡಿಯಬಹುದು, ರಾತ್ರಿ ಬೇಡ.

ಗೋವಾ ವಿಮಾನ ಅಗ್ಗ ಅಂತ ಅಲ್ಲಿನ ಮೋಪಾ ವಿಮಾನ ನಿಲ್ದಾಣಕ್ಕೆ ಇಳಿದು ಬೆಳಗಾವಿಗೆ ಬರೋರೂ ಇದ್ದಾರೆ. ಅಲ್ಲಿಂದ ಗೋವಾ ಸರ್ಕಾರದ ಕದಂಬ ಬಸ್ಸಲ್ಲಿ ಪಣಜಿ, ಪಣಜಿಯಿಂದ ಬೆಳಗಾವಿ ಬಸ್ಸು. ನಡುವೆ ಚೋರ್ಲಾ ಘಾಟ್, ಮಳೆಗಾಲದ ರಾತ್ರಿ ಅಲ್ಲಿ ಟ್ಯಾಕ್ಸಿ ಮಾಡಿಕೊಂಡು ಬರೋದು ನನಗಂತೂ ಬೇಡ. ಉಳಿಸಿದ ದುಡ್ಡು ದಾರಿಯಲ್ಲೇ ಹೋಗುತ್ತದೆ.

ಕೊನೇದಾಗಿ ಸಂಜೆ ವಿಮಾನದ ವಿಷಯ. ಸಂಜೆ ವಿಮಾನ ತಡವಾಗಿ ಕತ್ತಲಾದ ಮೇಲೆ ಸಾಂಬ್ರಾಕ್ಕೆ ಇಳಿದರೆ, ಊರಿಂದ ಗಾಡಿ ಬಂದಿಲ್ಲದಿದ್ದರೆ, ರಸ್ತೆಯಲ್ಲಿ ಬಾಗಲಕೋಟೆ ಬಸ್ಸಿಗೆ ಕಾಯಬೇಡಿ. ಟ್ಯಾಕ್ಸಿ ಹಿಡಿದು ಕೇಂದ್ರ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಣೆ ಕೌಂಟರಿನಲ್ಲಿ ಕೇಳಿ. ಬಸ್ಸಿದ್ದರೆ ಹತ್ತಿ. ಇಲ್ಲದಿದ್ದರೆ ಸುತ್ತಮುತ್ತ ಲಾಡ್ಜ್‌ಗಳಿವೆ, ಒಂದು ರಾತ್ರಿ ಉಳಿದು, ಊರಿಗೆ ಅಂತ ಕುಂದಾ ಕಟ್ಟಿಸಿಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ.