ಟೂಸಾನ್ ನೋಡುವುದಾದರೆ ಬಿಸಿಲಿನ ಲೆಕ್ಕ ಹಾಕಿಕೊಂಡು ಬನ್ನಿ

ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ ನೆಂಟರ ಮನೆಗೆ ಬಂದವರು ಟೂಸಾನನ್ನು ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಸಲು ನೋಡುತ್ತಾರೆ. ತಿಂಡಿ ಮುಗಿಸಿ ಹತ್ತಕ್ಕೆ ಹೊರಟು, ನೂರಹತ್ತು ಮೈಲಿ ಓಡಿಸಿ ಮಧ್ಯಾಹ್ನಕ್ಕೆ ತಲುಪಿ, ನೆತ್ತಿ ಸುಡುವ ಹೊತ್ತಿನಲ್ಲಿ ಕಳ್ಳಿಗಳ ನಡುವೆ ನಾಲ್ಕು ಫೋಟೊ ತೆಗೆದು, ಇಲ್ಲೇನೂ ಇಲ್ಲ ಎಂದುಕೊಂಡು ವಾಪಸಾಗುತ್ತಾರೆ. ಆ ಹೊತ್ತಿನಲ್ಲಿ ನಿಜವಾಗಿಯೂ ಏನೂ ಕಾಣುವುದಿಲ್ಲ. ಹಕ್ಕಿ, ಪ್ರಾಣಿ ನೆರಳು ಸೇರಿರುತ್ತವೆ, ಬೆಟ್ಟಗಳು ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಈ ಊರನ್ನು ನೋಡಬೇಕಾದದ್ದು ಸೂರ್ಯ ಹುಟ್ಟಿದ ಮೇಲಿನ ಮೂರು ಗಂಟೆ ಮತ್ತು ಮುಳುಗುವ ಮುಂಚಿನ ಎರಡು ಗಂಟೆಯಲ್ಲಿ. ನಡುವಿನ ಹೊತ್ತಿಗೆ ಒಂದೋ ಸೂರಿನ ಕೆಳಗಿರಿ, ಇಲ್ಲವೇ ಬೆಟ್ಟ ಹತ್ತಿ. ಹಾಗೆ ಮಾಡಲು ಕನಿಷ್ಠ ಎರಡು ರಾತ್ರಿ ಉಳಿಯಬೇಕು.

ನವೆಂಬರ್‌ನಿಂದ ಏಪ್ರಿಲ್ ಸರಿಯಾದ ಕಾಲ. ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ರತ್ನ ಮತ್ತು ಖನಿಜಗಳ ದೊಡ್ಡ ಮೇಳ ನಡೆಯುವುದರಿಂದ ಹೋಟೆಲ್ ದರ ವಿಪರೀತ ಏರುತ್ತದೆ. ಮೇಳಕ್ಕೆಂದೇ ಬರುವವರಲ್ಲದಿದ್ದರೆ ಆ ವಾರಗಳನ್ನು ಬಿಟ್ಟುಬಿಡಿ. ಜೂನ್‌ನಲ್ಲಿ ಹಗಲಿನ ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರವನ್ನು ಮುಂದಿಡುವ ಪದ್ಧತಿ ಇಲ್ಲ. ಭಾರತಕ್ಕೂ ಇಲ್ಲಿಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯ ವ್ಯತ್ಯಾಸ. ಕ್ಯಾಲಿಫೋರ್ನಿಯಾದಿಂದ ಬರುವವರಿಗೆ ಮಾತ್ರ ಚಳಿಗಾಲದಲ್ಲಿ ಒಂದು ಗಂಟೆ ಹಿಂದೆ ಬೀಳುವ ಅಪಾಯವಿದೆ.

ಮೊದಲ ದಿನವನ್ನು ಊರಿನ ಪಶ್ಚಿಮಕ್ಕೆ ಕೊಡಿ. 1952ರಲ್ಲಿ ಶುರುವಾದ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ ಹೆಸರಿಗೆ ಮ್ಯೂಸಿಯಂ ಆದರೂ ಬಹುಪಾಲು ಬಯಲಿನಲ್ಲೇ ಇದೆ. ಸುಮಾರು ಎರಡು ಮೈಲಿ ಕಾಲುದಾರಿ. ಮೆಕ್ಸಿಕನ್ ತೋಳ, ಪೂಮಾ, ಕಾಡುಹಂದಿಯನ್ನು ಹೋಲುವ ಹಾವಲೀನ, ಒಳಗೆ ಹೊಕ್ಕು ನಿಂತರೆ ಕಿವಿಯ ಪಕ್ಕದಲ್ಲೇ ಹಾರಾಡುವ ಹಮ್ಮಿಂಗ್‌ಬರ್ಡ್‌ಗಳು. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಇವೆಲ್ಲ ಎದ್ದು ಓಡಾಡುತ್ತಿರುತ್ತವೆ. ಹನ್ನೊಂದರ ನಂತರ ಗಾಜಿನಾಚೆ ಮಲಗಿದ ಬೆನ್ನುಗಳನ್ನು ನೋಡಬೇಕಾದೀತು. ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಬೇಟೆಹಕ್ಕಿಗಳನ್ನು ಬಿಟ್ಟು ಹಾರಿಸುವ ಪ್ರದರ್ಶನ ಇರುತ್ತದೆ, ಅದನ್ನು ತಪ್ಪಿಸಬೇಡಿ. ಗುಂಪಾಗಿ ಬೇಟೆಯಾಡುವ ಹ್ಯಾರಿಸ್ ಗಿಡುಗಗಳು ತಲೆಗೂದಲಿಗೆ ತಾಗುವಷ್ಟು ಕೆಳಗೆ ಬರುತ್ತವೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಬೇಡಿ, ಫೋನ್ ಹಿಡಿದ ಕೈಯನ್ನು ತಲೆಯ ಮೇಲೆತ್ತಬೇಡಿ.

ಅಲ್ಲಿಂದ ಕೆಲವೇ ನಿಮಿಷಗಳ ದೂರದಲ್ಲಿ ಸವಾರೋ ನ್ಯಾಷನಲ್ ಪಾರ್ಕ್‌ನ ಪಶ್ಚಿಮ ಭಾಗ. ಈ ಪಾರ್ಕ್ ಎರಡು ತುಂಡು, ನಡುವೆ ಇಡೀ ಊರು. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಮ್ಯಾಪ್‌ನಲ್ಲಿ ಬರೀ ಪಾರ್ಕಿನ ಹೆಸರು ಹಾಕಿ ಹೊರಟವರು ಬೇಡದ ಕಡೆಗೆ ಹೋಗಿಬಿಡುವುದುಂಟು, ಭಾಗದ ಹೆಸರನ್ನೂ ಸೇರಿಸಿ ಹುಡುಕಿ. ಒಂದು ಕಾರಿಗೆ 25 ಡಾಲರ್, ಅದೇ ಚೀಟಿ ಏಳು ದಿನ ಎರಡೂ ಕಡೆ ನಡೆಯುತ್ತದೆ. ಪಶ್ಚಿಮದ ಬಹಾಡಾ ಸುತ್ತುದಾರಿಯ ಬಹುಪಾಲು ಮಣ್ಣಿನ ರಸ್ತೆ. ಸಾಮಾನ್ಯ ಕಾರು ನಿಧಾನಕ್ಕೆ ಹೋಗುತ್ತದೆ, ಆದರೆ ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣಿನ ರಸ್ತೆಗೆ ನಿಷೇಧವಿದೆಯೇ ಎಂದು ಮೊದಲೇ ಓದಿಕೊಳ್ಳಿ. ಆ ದಾರಿಯಲ್ಲಿ ಸಿಗ್ನಲ್ ಹಿಲ್ ಎಂಬ ಸಣ್ಣ ಗುಡ್ಡವಿದೆ, ಹತ್ತಲು ಹತ್ತು ನಿಮಿಷ ಸಾಕು. ಇಲ್ಲಿ ಹಿಂದೆ ಬಾಳಿದ ಹೊಹೊಕಾಮ್ ಜನ ಬಂಡೆಯ ಕಪ್ಪು ಮೇಲ್ಪದರವನ್ನು ಕುಟ್ಟಿ ಬಿಡಿಸಿದ ಸುರುಳಿ ಚಿತ್ರಗಳು ಅಲ್ಲಿವೆ. ಓರೆ ಬಿಸಿಲಿನಲ್ಲಿ ಅವು ಎದ್ದು ಕಾಣುತ್ತವೆ. ಕೈ ಇಟ್ಟರೆ ಚರ್ಮದ ಎಣ್ಣೆಯಂಶ ಅವನ್ನು ಕೆಡಿಸುತ್ತದೆ, ಮುಟ್ಟದೆ ನೋಡಿ.

ಸವಾರೋ ಕಳ್ಳಿಯನ್ನು ನಿಂತು ನೋಡುವ ವ್ಯವಧಾನ ಬೇಕು. ಮೊಳೆತ ಸಸಿ ಎಂಟು ವರ್ಷಕ್ಕೆ ಬೆಳೆಯುವುದು ಒಂದು, ಒಂದೂವರೆ ಅಂಗುಲ. ಮೊದಲ ತೋಳು ಚಿಗುರಲು ಐವತ್ತರಿಂದ ಎಪ್ಪತ್ತು ವರ್ಷ ಬೇಕು, ಮಳೆ ಕಡಿಮೆ ಇರುವಲ್ಲಿ ನೂರು. ಹಾಗಾಗಿ ನಾಲ್ಕೈದು ತೋಳಿನದು ಕಂಡರೆ ನಿಮ್ಮ ಅಜ್ಜನ ಕಾಲಕ್ಕಿಂತ ಹಿಂದಿನದು ಎಂದುಕೊಳ್ಳಬಹುದು. ಎಳೆಯ ಗಿಡಗಳು ಹೆಚ್ಚಾಗಿ ಪಾಲೋ ವೆರ್ಡೆ ಮರದ ಬುಡದಲ್ಲೇ ಸಿಗುತ್ತವೆ, ಅದರ ನೆರಳಿಲ್ಲದಿದ್ದರೆ ಬಿಸಿಲಿಗೂ ಹಿಮಕ್ಕೂ ಸಾಯುತ್ತವೆ. ಫೋಟೊಗೆಂದು ದಾರಿ ಬಿಟ್ಟು ಒಳಗೆ ನಡೆಯಬೇಡಿ ಎನ್ನುವುದು ಇದಕ್ಕೇ: ಕಾಲಡಿ ಸಿಕ್ಕ ಬೆರಳುದ್ದದ ಗಿಡಕ್ಕೆ ಹತ್ತಾರು ವರ್ಷ ವಯಸ್ಸಾಗಿರುತ್ತದೆ.

ಮ್ಯೂಸಿಯಂನಿಂದ ಊರಿಗೆ ಮರಳುವ ದಾರಿಯಲ್ಲೇ ಗೇಟ್ಸ್ ಪಾಸ್ ಎಂಬ ಬೆಟ್ಟದ ಕಣಿವೆದಾರಿ. ಸೂರ್ಯಾಸ್ತ ನೋಡಲು ಮುಕ್ಕಾಲು ಗಂಟೆ ಮೊದಲೇ ಬನ್ನಿ, ವಾರಾಂತ್ಯವಾದರೆ ಇನ್ನೂ ಮುಂಚೆ. ಪಾರ್ಕಿಂಗ್ ತುಂಬಿದ ಮೇಲೆ ರಸ್ತೆ ಬದಿಯಲ್ಲಿ ನಿಲ್ಲಿಸಲು ಜಾಗವಿಲ್ಲ. ಸೂರ್ಯ ಮುಳುಗಿದ ತಕ್ಷಣ ಹೊರಡಬೇಡಿ. ಬಣ್ಣ ಏರುವುದು ಆಮೇಲಿನ ಹದಿನೈದು, ಇಪ್ಪತ್ತು ನಿಮಿಷದಲ್ಲಿ.

ಎರಡನೆಯ ದಿನ ಮೌಂಟ್ ಲೆಮನ್. 9,157 ಅಡಿಯ ಈ ಬೆಟ್ಟಕ್ಕೆ 27 ಮೈಲಿಯ ಒಳ್ಳೆಯ ಡಾಂಬರು ರಸ್ತೆಯಿದೆ. ಬುಡದಲ್ಲಿ ಸವಾರೋ, ನಡುವೆ ಓಕ್, ಮೇಲೆ ಪೈನ್ ಮತ್ತು ಫರ್ ಕಾಡು. ತಪ್ಪಲಿಗಿಂತ ತುದಿ ಇಪ್ಪತ್ತರಿಂದ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್ ತಂಪು, ಆದ್ದರಿಂದ ಕೆಳಗೆ ಅಂಗಿ ಬೆವರಿನಿಂದ ಒದ್ದೆಯಾಗುತ್ತಿದ್ದರೂ ಸ್ವೆಟರ್ ಕಾರಿನಲ್ಲಿರಲಿ. ಬೆಟ್ಟದ ಮೇಲೆ ಪೆಟ್ರೋಲ್ ಬಂಕ್ ಇಲ್ಲ, ಊರಲ್ಲೇ ತುಂಬಿಸಿ. ತಿರುವುಗಳಿಗೆ ಹೊಟ್ಟೆ ತೊಳಸುವವರಿದ್ದರೆ ವಿಂಡಿ ಪಾಯಿಂಟ್‌ನಲ್ಲಿ ಇಳಿದು ಗಾಳಿ ತೆಗೆದುಕೊಳ್ಳಿ. ಇಡೀ ದಾರಿಯ ಅತಿ ಸುಂದರ ನೋಟವೂ ಅದೇ. ಇಳಿಯುವಾಗ ಕಾರನ್ನು ಕೆಳ ಗೇರಿಗೆ ಹಾಕಿ. ಒಂದೇ ಸಮನೆ ಬ್ರೇಕ್ ತುಳಿದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ತುದಿಯ ಹತ್ತಿರದ ಸಮ್ಮರ್‌ಹೇವನ್ ಹಳ್ಳಿ 2003ರ ಕಾಡ್ಗಿಚ್ಚಿನಲ್ಲಿ ಬಹುಪಾಲು ಸುಟ್ಟು ಮತ್ತೆ ಎದ್ದದ್ದು. ಎಂಟು ಸಾವಿರ ಅಡಿಯ ಆಸುಪಾಸಿನಲ್ಲಿ ಉಸಿರು ಬೇಗ ಕಟ್ಟುತ್ತದೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವರು ನಿಧಾನಕ್ಕೆ ನಡೆಸಿ. ಹಿಮ ಬಿದ್ದ ದಿನಗಳಲ್ಲಿ ಚೈನು ಅಥವಾ ನಾಲ್ಕು ಚಕ್ರಕ್ಕೂ ಚಾಲನೆ ಇರುವ ಗಾಡಿಗೆ ಮಾತ್ರ ಬಿಡುತ್ತಾರೆ.

ಬೆಟ್ಟ ಬೇಡವೆನಿಸಿದರೆ ಸಬಿನೋ ಕಣಿವೆ. ಒಳಗೆ ಸ್ವಂತ ಕಾರು ಬಿಡುವುದಿಲ್ಲ, ವಿದ್ಯುತ್ ಬಂಡಿಯಲ್ಲಿ ಕೊನೆಯ ನಿಲ್ದಾಣಕ್ಕೆ ಹೋಗಿ ಇಳಿಜಾರಿನಲ್ಲಿ ನಡೆದು ಬರುವುದು ಸುಲಭ. ವಿಮಾನದ ಹುಚ್ಚಿರುವವರಿಗೆ ಪೀಮಾ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ; ಮಧ್ಯಾಹ್ನದ ಬಿಸಿಲನ್ನು ಅಲ್ಲಿನ ಹ್ಯಾಂಗರ್‌ಗಳಲ್ಲಿ ಕಳೆಯಬಹುದು. ಪಕ್ಕದ ವಾಯುನೆಲೆಯಲ್ಲಿ ಸಾಲುಗಟ್ಟಿ ನಿಲ್ಲಿಸಿದ ಹಳೆಯ ವಿಮಾನಗಳ ನಡುವೆ ಕರೆದೊಯ್ಯುತ್ತಿದ್ದ ಬಸ್ ಪ್ರವಾಸ ಈಗಿಲ್ಲ, ಹಳೆಯ ಮಾಹಿತಿ ನಂಬಿ ಬರಬೇಡಿ.

ಊರಿನ ದಕ್ಷಿಣಕ್ಕೆ ಹತ್ತು ಮೈಲಿಯಲ್ಲಿರುವ ಸ್ಯಾನ್ ಹಾವಿಯರ್ ಇಗರ್ಜಿಗೆ ಒಂದು ಬೆಳಗನ್ನು ಮೀಸಲಿಡಿ. ಕಿನೊ ಎಂಬ ಪಾದ್ರಿ 1692ರಲ್ಲಿ ನೆಲೆ ಹಾಕಿದ ಜಾಗ. ಈಗಿನ ಬಿಳಿಯ ಕಟ್ಟಡ ಮುಗಿದದ್ದು 1797ರಲ್ಲಿ. ಎರಡು ಗೋಪುರಗಳಲ್ಲಿ ಒಂದು ಇಂದಿಗೂ ಅರ್ಧಕ್ಕೇ ನಿಂತಿದೆ. ಒಳಗಿನ ಅಮೃತಶಿಲೆಯಂತೆ ಕಾಣುವ ಭಾಗಗಳನ್ನು ಹತ್ತಿರದಿಂದ ನೋಡಿ, ಅದೆಲ್ಲ ಬಣ್ಣದ ಕುಂಚದ ಕೈಚಳಕ. ಹೆಸರಿನ ಸಂತ ಫ್ರಾನ್ಸಿಸ್ ಝೇವಿಯರ್, ಹಳೆಯ ಗೋವಾದಲ್ಲಿ ಯಾರ ದೇಹವನ್ನು ಕಾಪಾಡಿಟ್ಟಿದ್ದಾರೋ ಅವರೇ. ಇಲ್ಲಿರುವುದು ಮಲಗಿದ ಮರದ ಮೂರ್ತಿ. ಭಕ್ತರು ಸಾಲಾಗಿ ಬಂದು ಅದರ ತಲೆಯನ್ನು ಮೆಲ್ಲಗೆ ಎತ್ತಿ ಹರಕೆ ಹೇಳಿಕೊಳ್ಳುತ್ತಾರೆ. ಇದು ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರ ನೆಲ, ನಿತ್ಯ ಪೂಜೆ ನಡೆಯುವ ಗುಡಿ. ಪ್ರಾರ್ಥನೆಯ ಹೊತ್ತಿನಲ್ಲಿ ಕ್ಯಾಮೆರಾ ತೆಗೆಯಬೇಡಿ. ಹೊರಗೆ ಚಪ್ಪರಗಳಲ್ಲಿ ಆ ಜನರೇ ಮಾರುವ ಫ್ರೈಬ್ರೆಡ್, ನಮ್ಮ ಭಟೂರೆಯ ಹಾಗೆ ಉಬ್ಬಿದ ಮೈದಾ ರೊಟ್ಟಿ, ಜೇನು ಹಾಕಿಸಿಕೊಂಡು ತಿನ್ನಿ.

ಆ ಕಡೆಗೆ ಹೋಗುವ ಐ-19 ಹೆದ್ದಾರಿಯ ಫಲಕಗಳಲ್ಲಿ ದೂರ ಕಿಲೋಮೀಟರ್‌ನಲ್ಲಿರುತ್ತದೆ. ಇನ್ನೂ ದಕ್ಷಿಣಕ್ಕೆ, ಮೆಕ್ಸಿಕೊ ಗಡಿಯ ಕಡೆಗಿರುವ ಟೂಬಾಕ್‌ಗೋ ನೊಗಾಲೆಸ್‌ಗೋ ಹೋಗಿ ಬರುವಾಗ ಗಡಿ ಕಾವಲಿನವರ ತಪಾಸಣಾ ಠಾಣೆ ಇದೆ. ಅಮೆರಿಕದ ಪೌರರಲ್ಲದ ವಯಸ್ಕರು ಕಾಗದಪತ್ರ ಜೊತೆಗಿಟ್ಟುಕೊಳ್ಳಬೇಕು ಎನ್ನುವುದು ಕಾನೂನು. ಊರಿಂದ ಬಂದ ಹಿರಿಯರ ಪಾಸ್‌ಪೋರ್ಟ್ ಮತ್ತು ಐ-94 ಎಂಬ ದೇಶ ಪ್ರವೇಶದ ದಾಖಲೆ, ವೀಸಾದಲ್ಲಿರುವವರ ಪತ್ರಗಳು, ಗ್ರೀನ್ ಕಾರ್ಡ್ ಹೋಟೆಲ್ ಕೋಣೆಯಲ್ಲಿ ಉಳಿಯದಿರಲಿ.

ಊಟಕ್ಕೆ ಯುನೆಸ್ಕೊ 2015ರಲ್ಲಿ ಮನ್ನಣೆ ಕೊಟ್ಟ ಊರಿದು. ಸಸ್ಯಾಹಾರಿಗಳು ಮಾತ್ರ ಮೂರು ಪ್ರಶ್ನೆ ಕೇಳಲೇಬೇಕು: ಮಸೆದ ಬೀನ್ಸ್‌ಗೆ ಹಂದಿಕೊಬ್ಬು ಹಾಕಿದ್ದೀರಾ, ಅನ್ನವನ್ನು ಕೋಳಿಸಾರಿನಲ್ಲಿ ಬೇಯಿಸಿದ್ದೀರಾ, ಮೈದಾ ಟೋರ್ಟಿಯಾಗೆ (ಮೆಕ್ಸಿಕನ್ ತೆಳು ರೊಟ್ಟಿ) ಯಾವ ಕೊಬ್ಬು? ಫ್ರೈಬ್ರೆಡ್ ಕರಿದ ಎಣ್ಣೆಯ ಬಗ್ಗೆಯೂ ಕೇಳಿ. ಮೆಕ್ಕೆಜೋಳದ ಟೋರ್ಟಿಯಾ ಸಾಮಾನ್ಯವಾಗಿ ಸುರಕ್ಷಿತ. ಪಾಪಾಸುಕಳ್ಳಿಯ ಎಲೆಯ ಪಲ್ಯ, ಅದರ ಹಣ್ಣಿನ ಗುಲಾಬಿ ಶರಬತ್ತು ಎರಡೂ ಚೆನ್ನ. ಹಣ್ಣನ್ನು ಗಿಡದಿಂದ ನೀವೇ ಕೀಳಲು ಹೋಗಬೇಡಿ. ನಮ್ಮ ಬಯಲುಸೀಮೆಯ ಬೇಲಿಯಲ್ಲಿ ಬೆಳೆದವರಿಗೆ ಆ ಸಣ್ಣ ಮುಳ್ಳಿನ ಉರಿ ಗೊತ್ತೇ ಇರುತ್ತದೆ. ಅದಕ್ಕಿಂತ ಕಾಡುವುದು ಚೋಯಾ ಕಳ್ಳಿ. ಸೋಕಿದರೆ ಸಾಕು, ಗಂಟು ಕಳಚಿ ಬಟ್ಟೆಗೋ ಚರ್ಮಕ್ಕೋ ಅಂಟುತ್ತದೆ. ಕೈಯಿಂದ ಎಳೆದರೆ ಕೈಗೂ ಅಂಟುತ್ತದೆ. ಬಾಚಣಿಗೆಯನ್ನು ಗಂಟಿಗೂ ಚರ್ಮಕ್ಕೂ ನಡುವೆ ತೂರಿಸಿ ಒಮ್ಮೆಲೇ ಚಿಮ್ಮಿಸಬೇಕು. ಎದುರು ಯಾರೂ ನಿಂತಿರಬಾರದು.

ನೀರು, ಬಿಸಿಲಿನಲ್ಲಿ ನಡೆಯುವಾಗ ತಲೆಗೆ ಗಂಟೆಗೊಂದು ಲೀಟರ್. ಗಾಳಿ ಒಣಗಿರುವುದರಿಂದ ಬೆವರು ಬಂದದ್ದೇ ತಿಳಿಯುವುದಿಲ್ಲ, ಬಾಯಾರುವ ಹೊತ್ತಿಗೆ ತಡವಾಗಿರುತ್ತದೆ. ನೀರು ಅರ್ಧ ಮುಗಿದಾಗ ಎಲ್ಲಿದ್ದರೂ ಹಿಂದಿರುಗಿ. ಬರೀ ನೀರು ಸಾಲದು, ಉಪ್ಪು ಇರುವ ಚಕ್ಕುಲಿ, ಕೋಡುಬಳೆ ಏನಾದರೂ ಚೀಲದಲ್ಲಿರಲಿ.

ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿನ ಮಳೆಗಾಲ. ವರ್ಷವಿಡೀ ಒಣಗಿರುವ ಹಳ್ಳಗಳು ಬೆಟ್ಟದ ಮೇಲೆ ಸುರಿದ ಮಳೆಗೆ ಕ್ಷಣದಲ್ಲಿ ತುಂಬುತ್ತವೆ, ನಿಮ್ಮ ತಲೆಯ ಮೇಲೆ ಮೋಡವೇ ಇಲ್ಲದಿರಬಹುದು. ರಸ್ತೆಯ ಮೇಲೆ ಹರಿಯುವ ನೀರಿಗೆ ಕಾರು ಇಳಿಸಬೇಡಿ. ಅಡ್ಡಗಟ್ಟೆ ದಾಟಿ ಹೋಗಿ ಸಿಕ್ಕಿಬಿದ್ದವರಿಂದ ಪಾರುಮಾಡಿದ ಖರ್ಚನ್ನು ವಸೂಲಿ ಮಾಡುವ ಕಾನೂನು ಅರಿಜೋನಾದಲ್ಲಿದೆ.

ಇದೇ ಕಾಲದಲ್ಲಿ ಫೀನಿಕ್ಸ್‌ಗೆ ಮರಳುವ ಐ-10ರಲ್ಲಿ ಧೂಳಿನ ಗೋಡೆ ಎದ್ದು ಬರುತ್ತದೆ, ಬಾನೆಟ್ ಕೂಡ ಕಾಣದಷ್ಟು ದಟ್ಟ. ದೂರದಲ್ಲಿ ಕಂಡಾಗಲೇ ಮುಂದಿನ ಎಕ್ಸಿಟ್ ಹಿಡಿದು ಹೊರಬನ್ನಿ. ಒಳಗೆ ಸಿಕ್ಕಿಕೊಂಡರೆ ರಸ್ತೆಯಿಂದ ಆದಷ್ಟು ದೂರ ಸರಿದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆದು, ಎಲ್ಲ ದೀಪ ಆರಿಸಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನು ಓಡುತ್ತಿರುವ ಕಾರೆಂದು ತಿಳಿದು ಹಿಂಬಾಲಿಸಿ ಬಂದು ಗುದ್ದುತ್ತಾರೆ. ಸೀಟ್‌ಬೆಲ್ಟ್ ಬಿಚ್ಚದೆ ಒಳಗೇ ಕುಳಿತು ಧೂಳು ತಗ್ಗುವವರೆಗೆ ಕಾಯಿರಿ.