ಅಳಿಸಿದ ಫೈಲ್ ಹೋಯಿತು, ಜಾಗ ಮಾತ್ರ ವಾಪಸ್ ಬರಲಿಲ್ಲ

ಕೊನೆಗೂ ಇಳಿಯಿತು! 273 ಜಿಬಿಗೆ ಉಬ್ಬಿದ್ದ ಕ್ಯೂಕೌ2 ಫೈಲ್, ಅಂದರೆ ನನ್ನ ವಿಎಂನ (ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ಕಂಪ್ಯೂಟರ್‌ನ) ಡಿಸ್ಕ್ ಇಮೇಜ್, ನಿನ್ನೆ ರಾತ್ರಿ ಕಣ್ಣೆದುರೇ 74 ಜಿಬಿಗೆ ಬಂತು. ನಾಲ್ಕು ರಾತ್ರಿ ಇದರ ಹಿಂದೆ ಹೋಯಿತು. ಹೊರಗೆ ಆಷಾಢದ ಮಳೆ, ಕರೆಂಟ್ ಹೋಗುವುದು ಬರುವುದು ಮಾಡುತ್ತಿತ್ತು, ಯುಪಿಎಸ್ ಕೂಗುತ್ತಲೇ ಇತ್ತು. ಇದೇ ತೊಂದರೆಯಲ್ಲಿ ಸಿಕ್ಕಿಕೊಂಡವರಿಗೆ ಒಂದು ರಾತ್ರಿಯ ನಿದ್ದೆಯಾದರೂ ಉಳಿಯಲಿ ಅಂತ ಬರೆದಿಡುತ್ತಿದ್ದೇನೆ.

ವಿಎಂ ನಡೆಸುವ ಸಾಫ್ಟ್‌ವೇರ್ ಕೆವಿಎಂ, ಲಿಬ್‌ವರ್ಟ್ ಹಾಕುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಂದು ಮಿನಿ ಪಿಸಿ ಇದೆ, ಅದರಲ್ಲಿ 500 ಜಿಬಿ ಎಸ್‌ಎಸ್‌ಡಿ. ಅಪ್ಪಯ್ಯ ವರ್ಷಗಟ್ಟಲೆ ಊರೂರು ತಿರುಗಿ ರೆಕಾರ್ಡ್ ಮಾಡಿಕೊಂಡು ಬಂದ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಅದರೊಳಗಿನ ಒಂದು ಡೆಬಿಯನ್ ವಿಎಂಗೆ ಇಳಿಸುತ್ತಿದ್ದೇನೆ. 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೋ ಅಂದರೆ ಗಂಟೆಗೆ 2 ಜಿಬಿ ದಾಟುತ್ತದೆ. 90 ನಿಮಿಷದ ಕ್ಯಾಸೆಟ್ ಒಂದಕ್ಕೇ 3 ಜಿಬಿ. ಗೊರಗೊರ ಸದ್ದು ತೆಗೆದು, ಫ್ಲ್ಯಾಕ್ (ಗುಣ ಕೆಡದ ಸಣ್ಣ ಫೈಲ್) ಮಾಡಿ, ಮೂಲ ವೇವ್ ಫೈಲ್ ಅಳಿಸುತ್ತೇನೆ. ವಿಎಂ ಒಳಗೆ ನೋಡಿದರೆ 300 ಜಿಬಿ ಡಿಸ್ಕ್‌ನಲ್ಲಿ ಬಳಸಿದ್ದು ಬರೀ 71. ಹೋಸ್ಟ್‌ನಲ್ಲಿ, ಅಂದರೆ ಹೊರಗಿನ ಮಿನಿ ಪಿಸಿಯಲ್ಲಿ, ಅದೇ ಇಮೇಜ್ 212 ಜಿಬಿ ತಿಂದು ಕೂತಿತ್ತು. ಅದೇ ಡಿಸ್ಕ್‌ನಲ್ಲಿ ಪಹಣಿ, ಬ್ಯಾಂಕ್ ಕಾಗದಗಳ ಸ್ಕ್ಯಾನ್ ಕೂಡ ಇರುವುದರಿಂದ ವಿಎಂ ಒಳಗೆ ಲಕ್ಸ್ ಎನ್‌ಕ್ರಿಪ್ಶನ್ (ಇಡೀ ಡಿಸ್ಕ್‌ಗೆ ಬೀಗ) ಹಾಕಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಇಡೀ ಕಥೆ ಇಲ್ಲೇ ಇದೆ.

ದೊಡ್ಡ ಎಸ್‌ಎಸ್‌ಡಿ ಹಾಕಬಹುದಿತ್ತಲ್ಲ ಅಂತೀರಾ? ಹಾಕಲು ಹೋಗಿದ್ದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಬೇಕು ಅಂತ ಬಾಯಿ ಬಿಟ್ಟು ಹೇಳಿ ತಂದೆ. ಬಸ್ಸು ಸಕ್ರೆಬೈಲು ದಾಟುವಾಗ ಡಬ್ಬಿ ಬಿಚ್ಚಿ ನೋಡಿದರೆ ತುದಿಯಲ್ಲಿ ಒಂದರ ಬದಲು ಎರಡು ಕಚ್ಚು. ಸಾಟಾ ಎಂ.2, ಆಕಾರ ಅದೇ, ಜಾತಿ ಬೇರೆ! ನನ್ನ ಮಿನಿ ಪಿಸಿಯ ಸ್ಲಾಟ್ ಎನ್‌ವಿಎಂಇ ಬಿಟ್ಟು ಬೇರೇನೂ ಒಪ್ಪುವುದಿಲ್ಲ. ಫೋನ್ ಮಾಡಿದರೆ, ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ, ಸ್ಲಾಟ್‌ಗೆ ಕೂರುತ್ತದಲ್ಲ, ಮತ್ತೇನು ಅಂದರು. ಕೂರುವುದೇ ಬೇರೆ, ಕೆಲಸ ಮಾಡುವುದೇ ಬೇರೆ. ಆ ದುಡ್ಡಿನ ಸಂಕಟ ಇನ್ನೂ ಆರಿಲ್ಲ. ಹಾಗಾಗಿ ಇದ್ದ ಡಿಸ್ಕ್‌ನಲ್ಲೇ ಜಾಗ ಬಿಡಿಸಬೇಕಾಯಿತು.

ಮೊದಲ ರಾತ್ರಿ ವಿಎಂ ಒಳಗೆ, ಯಾವ ಜಾಗ ಖಾಲಿ ಅಂತ ಕೆಳಗಿನ ಡಿಸ್ಕ್‌ಗೆ ತಿಳಿಸುವ ಎಫ್‌ಎಸ್‌ಟ್ರಿಮ್ ಓಡಿಸಿದೆ. ಡಿಸ್ಕಾರ್ಡ್‌ಗೆ (ಈ ಬ್ಲಾಕ್ ಇನ್ನು ಬೇಡ ಅನ್ನುವ ಸೂಚನೆಗೆ) ಬೆಂಬಲ ಇಲ್ಲ ಅಂತ ಒಂದೇ ಸಾಲಿನ ಉತ್ತರ. ಸರಿ, ಹಳೇ ದಾರಿ ಇದೆಯಲ್ಲ, ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿಸಿ, ಆ ಫೈಲ್ ಅಳಿಸಿ, ಕ್ಯೂಎಂಯು-ಐಎಂಜಿ ಕಮಾಂಡ್‌ನಿಂದ ಇಮೇಜನ್ನು ಕನ್ವರ್ಟ್ (ಹೊಸ ನಕಲು) ಮಾಡಿದರೆ ಸೊನ್ನೆಗಳೆಲ್ಲ ಉದುರಿ ಹೋಗುತ್ತವೆ ಅಂದುಕೊಂಡು ಸೊನ್ನೆ ಬರೆಯಲು ಡಿಡಿ ಕಮಾಂಡ್ ಹಚ್ಚಿ ಊಟಕ್ಕೆ ಹೋದೆ. ಬಂದು ನೋಡಿದರೆ ವಿಎಂ ಅರ್ಧದಲ್ಲಿ ನಿಂತಿದೆ. ಸ್ಟೇಟಸ್ ಪಾಜ್ಡ್ (ತಡೆದು ನಿಲ್ಲಿಸಿದೆ). ಹೋಸ್ಟ್ ಡಿಸ್ಕ್ ಪೂರ್ತಿ ಭರ್ತಿ. ಹಳೇ ಐಎಸ್‌ಒಗಳನ್ನು ಅಳಿಸಿ ಸ್ವಲ್ಪ ಜಾಗ ಮಾಡಿ, ರೆಸ್ಯೂಮ್ ಕೊಟ್ಟ ತಕ್ಷಣ ಡಿಡಿ ನಿಲ್ಲಿಸಿದೆ. ಸೊನ್ನೆ ಫೈಲ್ ಅಳಿಸಿದೆ. ಇಮೇಜ್ ಆಗಲೇ 212ರಿಂದ 273ಕ್ಕೆ ಏರಿತ್ತು. ಯುಎಸ್‌ಬಿ ಡಿಸ್ಕ್ ಹಚ್ಚಿ ಅದಕ್ಕೆ ಕನ್ವರ್ಟ್ ಮಾಡಿದರೆ ಅಲ್ಲಿಯೂ 273. ಒಂದು ಜಿಬಿ ಕೂಡ ಕಡಿಮೆ ಇಲ್ಲ.

ಕಾರಣ ಹೊಳೆದದ್ದು ಮರುದಿನ ಬೆಳಿಗ್ಗೆ, ಕೊಟ್ಟಿಗೆಯಲ್ಲಿ. ನಾನು ಬರೆದದ್ದು ಸೊನ್ನೆಯೇ. ಆದರೆ ಅದು ಲಕ್ಸ್ ಮೂಲಕ ಕೆಳಗೆ ಇಳಿಯುವಾಗ ಗುರುತು ಸಿಗದ ಕಲಸು ಬೈಟ್‌ಗಳಾಗಿ ಬಿಡುತ್ತದೆ. ಎನ್‌ಕ್ರಿಪ್ಶನ್‌ನ ಕೆಲಸವೇ ಅದು, ಅಲ್ವಾ? ಕ್ಯೂಎಂಯು-ಐಎಂಜಿಗೆ ಅಲ್ಲಿ ಒಂದು ಸೊನ್ನೆಯೂ ಕಾಣುವುದಿಲ್ಲ, ಎಲ್ಲ ಬೆಲೆಬಾಳುವ ಡೇಟಾ ಅಂತ ನಿಷ್ಠೆಯಿಂದ ನಕಲು ಮಾಡುತ್ತದೆ. ದಯವಿಟ್ಟು ಲಕ್ಸ್ ಇರುವ ವಿಎಂ ಒಳಗೆ ಸೊನ್ನೆ ತುಂಬಿಸಬೇಡಿ. ಇಮೇಜ್ ಸಣ್ಣದಾಗುವುದಿಲ್ಲ, ಪೂರ್ತಿ ಗಾತ್ರಕ್ಕೆ ಉಬ್ಬುತ್ತದೆ.

ಹಾಗಾದರೆ ಡಿಸ್ಕಾರ್ಡ್ ಒಂದೇ ದಾರಿ. ತೋಟದ ಬಸಿಗಾಲುವೆ ನೋಡಿದ್ದೀರಲ್ಲ, ಮೇಲಿನ ಕಾಲುವೆ ಎಷ್ಟು ಕೆದಕಿದರೂ ಕೆಳಗೆ ಒಂದು ಕಡೆ ಸೋಗೆ ಕಟ್ಟಿದ್ದರೆ ನೀರು ಅಡಿಕೆ ಬುಡದಲ್ಲೇ ನಿಲ್ಲುತ್ತದೆ. ಇಲ್ಲಿಯೂ ಅಷ್ಟೇ. ಮೇಲಿಂದ ಕೆಳಗೆ ಇಎಕ್ಸ್‌ಟಿ4 (ವಿಎಂ ಒಳಗಿನ ಫೈಲ್‌ಸಿಸ್ಟಮ್), ಎಲ್‌ವಿಎಂ (ಡಿಸ್ಕ್ ಪಾಲು ಮಾಡುವ ಪದರ), ಲಕ್ಸ್, ವರ್ಟಿಯೋ (ವಿಎಂಗೆ ಕಾಣುವ ಡಿಸ್ಕ್), ಕ್ಯೂಕೌ2, ಆಮೇಲೆ ಹೋಸ್ಟ್‌ನ ಫೈಲ್‌ಸಿಸ್ಟಮ್. ಎಲ್ಲ ಕಡೆ ಬಾಯಿ ತೆರೆದಿರಬೇಕು. ಎಲ್‌ವಿಎಂ ಕಾನ್ಫಿಗ್‌ನಲ್ಲಿರುವ ಇಶ್ಯೂ-ಡಿಸ್ಕಾರ್ಡ್ಸ್ ಸಾಲಿನ ಹಿಂದೆ ನಾನು ಒಂದು ಗಂಟೆ ಕಳೆದೆ. ಅದು ಲಾಜಿಕಲ್ ವಾಲ್ಯೂಮ್ ತೆಗೆಯುವಾಗ, ಕುಗ್ಗಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಫ್‌ಎಸ್‌ಟ್ರಿಮ್‌ಗೆ ಎಲ್‌ವಿಎಂ ಅಡ್ಡ ಬರುವುದೇ ಇಲ್ಲ.

ಅಡ್ಡ ಇದ್ದದ್ದು ಲಕ್ಸ್. ಅದು ತಾನಾಗಿ ಡಿಸ್ಕಾರ್ಡ್ ದಾಟಿಸುವುದಿಲ್ಲ, ಬೇಕಂತಲೇ ಹಾಗೆ ಇಟ್ಟಿದ್ದಾರೆ. ದಾಟಿಸಿದರೆ ಯಾವ ಬ್ಲಾಕ್ ಖಾಲಿ ಅನ್ನುವುದು ಹೊರಗಿನವರಿಗೆ ತಿಳಿಯುತ್ತದೆ. ನನ್ನ ಹೆದರಿಕೆ ಯಾರಾದರೂ ಪೆಟ್ಟಿಗೆ ಎತ್ತಿಕೊಂಡು ಹೋದರೆ ಅನ್ನುವುದಷ್ಟೇ, ಹಾಗಾಗಿ ಒಪ್ಪಿಕೊಂಡೆ. ನೀವು ನಿಮ್ಮದು ಯೋಚಿಸಿ ನಿರ್ಧಾರ ಮಾಡಿ. ಲಕ್ಸ್ ಡಿಸ್ಕ್‌ಗಳ ಪಟ್ಟಿ ಇರುವ ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿ ನಾನೇ ಕೈಯಲ್ಲಿ ಬರೆದಿದ್ದ ಸಾಲಿಗೆ ಡಿಸ್ಕಾರ್ಡ್ ಅಂತ ಒಂದು ಪದ ಸೇರಿಸಿ ರೀಬೂಟ್ ಮಾಡಿದೆ. ಡಿಸ್ಕ್ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆಗೆ ದೊಡ್ಡ ಡಿ ಕೊಟ್ಟು ಡಿಸ್ಕಾರ್ಡ್ ದಾಟುತ್ತದಾ ಅಂತ ನೋಡಿದೆ. ಸೊನ್ನೆ ಇದ್ದ ಜಾಗದಲ್ಲಿ ಈಗ ಅಂಕಿಗಳು. ಎಫ್‌ಎಸ್‌ಟ್ರಿಮ್ ಓಡಿಸಿದರೆ 224 ಜಿಬಿ ಟ್ರಿಮ್ ಆಯಿತು ಅಂತು. ಕುಣಿದುಬಿಟ್ಟೆ!

ಹೋಸ್ಟ್‌ಗೆ ಹೋಗಿ ನೋಡಿದರೆ 273. ಅಲ್ಲಾಡಿಲ್ಲ.

ನಿಜವಾಗಿ ತಲೆ ಕೆಟ್ಟದ್ದು ಆಗಲೇ. ಎರಡನೇ ಸಲ ಟ್ರಿಮ್ ಮಾಡಿದರೆ 0 ಬೈಟ್ ಅನ್ನುತ್ತದೆ. ಒಮ್ಮೆ ಟ್ರಿಮ್ ಆದ ಗುಂಪುಗಳನ್ನು ಇಎಕ್ಸ್‌ಟಿ4 ಮುಂದಿನ ಮೌಂಟ್‌ವರೆಗೆ ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳಿದರೆ ಆಗಲೇ ಮುಗಿಯಿತಲ್ಲ ಅಂತ ಸುಮ್ನೆ ಇರುತ್ತದೆ. ಅದು ಸರಿ, ಆದರೆ ಆ 224 ಜಿಬಿ ಎಲ್ಲಿ ಹೋಯಿತು? ಮೂರನೇ ರಾತ್ರಿ ಎರಡು ಗಂಟೆಗೆ ಉತ್ತರ ಸಿಕ್ಕಿತು. ವಿಎಂ ಓಡಿಸುವ ಪ್ರೋಗ್ರಾಂ ಕ್ಯೂಎಂಯು, ಅದರ 2019ರ 4.0 ಆವೃತ್ತಿಯಿಂದ ವರ್ಟಿಯೋ ಬ್ಲಾಕ್ ಡಿಸ್ಕ್ ಕೂಡ ಡಿಸ್ಕಾರ್ಡ್ ತೆಗೆದುಕೊಳ್ಳುತ್ತೇನೆ ಅಂತ ವಿಎಂಗೆ ಹೇಳುತ್ತದೆ. ತೆಗೆದುಕೊಂಡದ್ದನ್ನು ಏನು ಮಾಡಬೇಕು ಅನ್ನುವುದು ಬೇರೆ ಸೆಟ್ಟಿಂಗ್. ಹೋಸ್ಟ್ ಕಡೆ ನಾವು ಹೇಳದಿದ್ದರೆ ಕ್ಯೂಎಂಯು ಅದನ್ನು ಇಗ್ನೋರ್ ಮಾಡುತ್ತದೆ. ತಪ್ಪು ಅಂತ ಒಂದು ಸಾಲೂ ಬರುವುದಿಲ್ಲ. ನನ್ನದು ಹಳೇ ಎಕ್ಸ್‌ಎಂಎಲ್ (ವಿಎಂನ ಸೆಟ್ಟಿಂಗ್ ಫೈಲ್), ಅದರಲ್ಲಿ ಆ ಮಾತೇ ಇರಲಿಲ್ಲ. ಡಿಸ್ಕ್‌ನ ಡ್ರೈವರ್ ಸಾಲಿಗೆ ಡಿಸ್ಕಾರ್ಡ್ ಅನ್‌ಮ್ಯಾಪ್ ಸೇರಿಸಿದೆ. ವಿಎಂ ಒಳಗಿಂದ ರೀಬೂಟ್ ಮಾಡಿ ಟ್ರಿಮ್ ಮಾಡಿದೆ. ಮತ್ತೆ 273! ಒಳಗಿಂದ ರೀಬೂಟ್ ಮಾಡಿದರೆ ಹೊರಗಿನ ಕ್ಯೂಎಂಯು ಪ್ರೋಸೆಸ್ ಹಳೆಯದೇ ಇರುತ್ತದೆ, ಹೊಸ ಎಕ್ಸ್‌ಎಂಎಲ್ ಓದುವುದಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಕೊಡಬೇಕು.

ನಾಲ್ಕನೇ ರಾತ್ರಿ ಹಾಗೇ ಮಾಡಿದೆ. ಒಂದು ಟರ್ಮಿನಲ್‌ನಲ್ಲಿ ಟ್ರಿಮ್, ಇನ್ನೊಂದರಲ್ಲಿ ಎರಡೆರಡು ಸೆಕೆಂಡಿಗೆ ಡಿಯು, ಫೈಲ್ ನಿಜಕ್ಕೂ ಹಿಡಿದ ಜಾಗ ಹೇಳುವ ಕಮಾಂಡ್. 273, 261, 238, 190... ಅಪ್ಪಯ್ಯ ಎದ್ದು ಬಂದು, "ಎಂತ ಮಾರಾಯ, ಇನ್ನೂ ಮಲಗಿಲ್ವಾ?" ಅಂದರು. "ನಿಮ್ಮ ಕ್ಯಾಸೆಟ್‌ಗೆ ಜಾಗ ಮಾಡ್ತಾ ಇದೀನಿ, ನೋಡಿ" ಅಂತ ಪರದೆ ತೋರಿಸಿದೆ. ಅಂಕಿ 74ಕ್ಕೆ ನಿಲ್ಲುವ ತನಕ ಅವರೂ ಕುರ್ಚಿ ಎಳೆದುಕೊಂಡು ಕೂತರು.

ಗಾತ್ರ ನೋಡುವಾಗ ಎಲ್‌ಎಸ್ ಕಮಾಂಡ್ ನಂಬಬೇಡಿ. ಫೈಲ್ ನಡುವೆ ತೂತು ಬಿದ್ದು ಜಾಗ ಬಿಡುಗಡೆ ಆಗಿರುತ್ತದೆ, ಉದ್ದ ಮಾತ್ರ ಮೊದಲಿನಷ್ಟೇ ಕಾಣುತ್ತದೆ. ಡಿಯು ಅಥವಾ ಕ್ಯೂಎಂಯು-ಐಎಂಜಿ ಇನ್ಫೋ ಹೇಳುವ ಡಿಸ್ಕ್ ಸೈಜ್ ನೋಡಿ. ಬ್ಯಾಕಪ್‌ಗೆ ಆರ್‌ಸಿಂಕ್ ಬಳಸುವವರು ದೊಡ್ಡ ಎಸ್ ಆಯ್ಕೆ ಮರೆಯಬೇಡಿ, ಮರೆತರೆ ಆ ತೂತೆಲ್ಲ ಅಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಇಮೇಜ್ ಒಳಗೆ ಹಳೇ ಸ್ನ್ಯಾಪ್‌ಶಾಟ್ (ಆಗಿನ ಸ್ಥಿತಿಯ ಪ್ರತಿ) ಇದ್ದರೆ ಅದು ಹಿಡಿದಿಟ್ಟ ಜಾಗವೂ ಬಿಡುವುದಿಲ್ಲ.

ಈಗ ಸಿಕ್ಕ ಜಾಗದಲ್ಲಿ ತೋಟದ ಮಳೆ ಮಾಪಕಕ್ಕೆ ಒಂದು ಪುಟ್ಟ ವಿಎಂ ಹಾಕಬೇಕು. ತುಂಬಿದಾಗ ಅತ್ತಿತ್ತ ವಾಲುವ ಬಕೆಟ್, ಒಂದು ಅಯಸ್ಕಾಂತ, ಅಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್, ಇಎಸ್‌ಪಿ32 ಅನ್ನುವ ಪುಟ್ಟ ಬೋರ್ಡ್, ಮನೆವರೆಗೆ 865 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿಟ್ಟು ಹೊಳವು (ಮಳೆಯ ಬಿಡುವು) ಕಾಯುವ ಕಷ್ಟ ಇಲ್ಲಿಯವರಿಗೆ ಗೊತ್ತು. ಹೊಡೆದ ಮೇಲೆ ಎಷ್ಟು ಮಿಲಿಮೀಟರ್ ಸುರಿಯಿತು ಅಂತ ನಮ್ಮ ತೋಟದ್ದೇ ಲೆಕ್ಕ ಇದ್ದರೆ ಮುಂದಿನ ಸುತ್ತು ಯಾವಾಗ ಅಂತ ಹೇಳುವುದು ಎಷ್ಟೋ ಸುಲಭ. ಬಕೆಟ್ ಅನ್ನು 3ಡಿ ಪ್ರಿಂಟ್ ಮಾಡಿಕೊಡುವವರಿಗೆ ಹೇಳಿ ಮೂರು ವಾರ ಆಯಿತು, ಅವರು ನಾಳೆ ಕೊಡುತ್ತೇನೆ ಅಂತಲೇ ಇದ್ದಾರೆ. ಮಳೆಗಾಲ ಮುಗಿಯುವುದರೊಳಗೆ ಬಂದರೆ ಸಾಕು.

ವಿಎಂನಲ್ಲಿ ಎಫ್‌ಎಸ್‌ಟ್ರಿಮ್ ಟೈಮರ್ ಎನೇಬಲ್ ಮಾಡಿದ್ದೇನೆ, ವಾರಕ್ಕೊಮ್ಮೆ ಸೋಮವಾರ ತಾನೇ ಓಡುತ್ತದೆ. ಇವತ್ತು 41ನೇ ಕ್ಯಾಸೆಟ್ ಡೆಕ್‌ಗೆ ಹಾಕಿದೆ. ಎ ಸೈಡ್ ಮುಗಿಯಲು ಇನ್ನು ಹತ್ತು ನಿಮಿಷ ಇದೆ, ಅಪ್ಪಯ್ಯ ಪಕ್ಕದಲ್ಲೇ ಕೂತು ಅರ್ಥ ಹೇಳುತ್ತಿರುವವರು ಯಾರು ಅಂತ ದನಿ ಕೇಳಿಯೇ ಗುರುತು ಹಿಡಿದು ಬರೆಸುತ್ತಿದ್ದಾರೆ.