ಗಂಡು ಮಗುವಿಗೆ ಸವೆಯದ ಹೆಸರು

ಹಳೆಯದೆಲ್ಲ ಸವೆಯದ ಹೆಸರಲ್ಲ. ಯುಧಿಷ್ಠಿರನಿಗೆ ದ್ರೌಪದಿಯಲ್ಲಿ ಹುಟ್ಟಿದ ಮಗ ಪ್ರತಿವಿಂಧ್ಯ. ಹೆಸರು ಮಹಾಭಾರತದಷ್ಟೇ ಹಳೆಯದು, ಇಟ್ಟುಕೊಂಡವರನ್ನು ಮಾತ್ರ ಹುಡುಕಬೇಕು. ರಮೇಶ, ಸುರೇಶ ಎಂದರೆ ಕೇಳಿದವರು ತಕ್ಷಣ ವಯಸ್ಸು ಅಂದಾಜು ಮಾಡುತ್ತಾರೆ. ಕೃಷ್ಣ, ಗೋಪಾಲ, ಅರ್ಜುನ, ಮಾಧವ ಹಾಗಲ್ಲ; ಅಜ್ಜನಿಗೂ ಸರಿ, ತೊಟ್ಟಿಲ ಕೂಸಿಗೂ ಸರಿ. ಹುಡುಕಬೇಕಾದ್ದು ಇಂಥವುಗಳ ನಡುವೆ. ಕೇಶವನಿಂದ ಶುರುವಾಗಿ ಕೃಷ್ಣನಿಗೆ ಮುಗಿಯುವ ವಿಷ್ಣುವಿನ 24 ಹೆಸರುಗಳ ಸಾಲೊಂದರಲ್ಲೇ ಶ್ರೀಧರ, ಅಚ್ಯುತ, ಅನಿರುದ್ಧ, ದಾಮೋದರ ಸಿಗುತ್ತಾರೆ. ಅಧೋಕ್ಷಜನೂ ಅಲ್ಲೇ ಇದ್ದಾನೆ, ಆದರೆ ಶಾಲೆಯಲ್ಲಿ ಹಾಜರಿ ಕೂಗುವವರ ಮೇಲೆ ಸ್ವಲ್ಪ ಕರುಣೆ ಇರಲಿ.

ಅರ್ಥವನ್ನು ಹೆಸರುಪಟ್ಟಿಗಳಲ್ಲಿ ನೋಡಬೇಡಿ, ನಿಘಂಟಿನಲ್ಲಿ ನೋಡಿ. ಪಟ್ಟಿಗಳಲ್ಲಿ ಎಲ್ಲ ಹೆಸರಿಗೂ ‘ದೇವರ ಕೃಪೆ’, ‘ಸೂರ್ಯಕಿರಣ’ ಎಂದೇ ಇರುತ್ತದೆ. ಕಿಯಾನ್ ಎಂಬುದಕ್ಕೆ ಪರ್ಷಿಯನ್ನಿನಲ್ಲಿ ರಾಜರ ನಂಟಿದೆ, ನಿಜ. ಸಂಸ್ಕೃತದಲ್ಲಿ ಮಾತ್ರ ಅದು ‘ಎಷ್ಟು?’ ಎಂಬ ಪ್ರಶ್ನೆ. ಅನಿಕೇತ ಎಂದರೆ ಮನೆಯಿಲ್ಲದವನು. ಶಿವನಿಗೆ ಒಪ್ಪುವ ಮಾತು, ನಿಮಗೂ ಒಪ್ಪಿದರೆ ಇಡಿ. ಅರ್ಥವೊಂದೇ ಸಾಲದು ಎನ್ನುವುದಕ್ಕೆ ಶಕುನಿಯೇ ಸಾಕ್ಷಿ: ಪದದ ಅರ್ಥ ಹಕ್ಕಿ, ಅಷ್ಟೇ.

ಆಮೇಲೆ ನಾಲಿಗೆಯ ಪರೀಕ್ಷೆ. ಮಹಾಪ್ರಾಣ, ಒತ್ತಕ್ಷರ, ಮೊದಲಿಗೆ ಬರುವ ಹಕಾರ, ಈ ಮೂರೂ ಆಡುಮಾತಿನಲ್ಲಿ ಬೇಗ ಸವೆಯುತ್ತವೆ. ಭರತ ‘ಬರತ’ನಾಗುತ್ತಾನೆ, ಹರ್ಷ ‘ಅರ್ಸ’ನಾಗುತ್ತಾನೆ. ಉದ್ದ ಹೆಸರನ್ನಂತೂ ಯಾರೂ ಪೂರ್ತಿ ಕರೆಯುವುದಿಲ್ಲ: ಶ್ರೀನಿವಾಸ ಸೀನ, ನಾರಾಯಣ ನಾಣಿ. ಚಿಕ್ಕ ಹೆಸರೂ ಪಾರಾಗುವುದಿಲ್ಲ: ಕೃಷ್ಣ ಕಿಟ್ಟಿ. ಮೊಟಕಾದ ರೂಪ ನಿಮಗೆ ಹಿಡಿಸದಿದ್ದರೆ ಆ ಹೆಸರನ್ನೇ ಬಿಡಿ, ಏಕೆಂದರೆ ಮೊಟಕು ಮಾಡುವವರು ನಿಮ್ಮ ಅಪ್ಪಣೆ ಕೇಳುವುದಿಲ್ಲ. ಒಳಕೋಣೆಯಿಂದ ಬೀದಿಗೆ ಕೇಳುವಂತೆ ಹತ್ತು ಸಲ ಕೂಗಿ ನೋಡಿ. ಎರಡು ಮೂರು ಅಕ್ಷರದ ಹೆಸರು ಕೊನೆಯ ಸ್ವರವನ್ನು ಎಳೆದುಕೊಂಡು ಚೆನ್ನಾಗಿ ಕೂಗಿಸಿಕೊಳ್ಳುತ್ತದೆ: ಮಾಧವಾ!

ಹೆಚ್ಚು ಜನ ಎಡವುವುದು ಇಂಗ್ಲಿಷ್ ಕಾಗುಣಿತದಲ್ಲಿ. ಅಜಿತನ ತಕಾರಕ್ಕೆ ಬರೀ ‘ಟಿ’ ಬರೆದರೆ ಕೆಲವರ ಬಾಯಲ್ಲಿ ಅಜಿಟ್. ‘ಟಿಎಚ್’ ಬರೆದರೆ ಹಿಂದಿಯವರಿಗೆ ಅಜಿಥ್. ಕೊನೆಯ ‘ಎ’ ಬಿಟ್ಟರೆ ಮಾಧವ್, ಉಳಿಸಿದರೆ ಹೊರಗಿನವರು ದೀರ್ಘ ಎಳೆಯುತ್ತಾರೆ. ಕೃಷ್ಣನ ವಿಷಯದಲ್ಲಿ ಇದು ತಮಾಷೆಯಲ್ಲ, ದೀರ್ಘ ಬಂದರೆ ‘ಕೃಷ್ಣಾ’ ದ್ರೌಪದಿಯ ಹೆಸರು. ಎಲ್ಲ ಓದುಗರಿಗೂ ಹೊಂದುವ ಕಾಗುಣಿತ ಇಲ್ಲ. ಒಂದನ್ನು ಆರಿಸಿ, ಜನನ ಪತ್ರದಲ್ಲಿ ಹಾಕಿದ್ದನ್ನೇ ಮುಂದಿನ ಪ್ರತಿ ದಾಖಲೆಗೂ ಅಕ್ಷರ ತಪ್ಪದೆ ನಕಲಿಸಿ. ಒಂದು ‘ಎಚ್’ ಹೆಚ್ಚುಕಡಿಮೆಯಾದರೂ ತಿದ್ದುಪಡಿಗೆ ಅಲೆಯಬೇಕಾಗುತ್ತದೆ. ಇನಿಷಿಯಲ್ ಸೇರಿಸಿಯೂ ಒಮ್ಮೆ ಬರೆದು, ಗಟ್ಟಿಯಾಗಿ ಓದಿ ನೋಡಿ.